ಮಾತಿಲ್ಲದ ವೇಷ

ನಮ್ಮ ಪುತ್ತೂರು, ಸುಳ್ಯ ಕಡೆಯವರು ಕುಣಿತವನ್ನು ಬರೀ ಕುಣಿತವೆಂದು ಒಪ್ಪುವವರಲ್ಲ. ಯಕ್ಷಗಾನ ನೋಡಿ ಬೆಳೆದ ನಮಗೆ, ಕುಣಿದವನು ಆಮೇಲೆ ನಿಂತು ತಾನು ಯಾರು, ಏಕೆ ಬಂದೆ, ಎದುರಿನವನು ಎಂಥ ಮೂರ್ಖ ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ‘ಅರ್ಥ ಹೇಳುವುದು’ ಎಂದೇ ಹೆಸರು. ಅರ್ಥ ಹೇಳದಿದ್ದರೆ ಕುಣಿತ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು. ಪತ್ರಿಕೆಗೆ ಊರಿನ ಸುದ್ದಿ ಬರೆಯುತ್ತಿದ್ದ ನನಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಗೊತ್ತಿರುವುದು ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ನಮ್ಮ ಬೀದಿಗೆ ವರ್ಗವಾಗಿ ಬಂದ ಫಾರೆಸ್ಟ್ ರೇಂಜರರ ಹೆಂಡತಿ ತಂಜಾವೂರು ಕಡೆಯವರು, ಭರತನಾಟ್ಯ ಬಲ್ಲವರು. ನನ್ನ ಮಗಳು ವಸಂತಿ ಅವರ ಜಗಲಿಯಲ್ಲಿ ಕಲಿಯತೊಡಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಕೆಲಸವೂ ತಾಳವಿಲ್ಲದೆ ನಡೆಯಲಿಲ್ಲ. ಬಾವಿಯಿಂದ ತುಂಬಿ ಹೊರಟ ಕೊಡ ಅಡುಗೆಮನೆಗೆ ತಲುಪುವಾಗ ಅರ್ಧ. ಆದರೆ ನನ್ನ ತಂದೆ ಮುಖ ಗಂಟು ಹಾಕಿದರು. ಅವರು ವೇಷ ಕಟ್ಟದೆ ಕುಳಿತೇ ಅರ್ಥ ಹೇಳುವ ತಾಳಮದ್ದಳೆಯಲ್ಲಿ ಹೆಸರಾದವರು. “ದೊಡ್ಡ ಹುಡುಗಿ ನಾಲ್ಕು ಜನರೆದುರು ಕುಣಿಯುದಾ ಮಾರಾಯ?” ಎಂದರು. ವಸಂತಿ ಊಟ ಬಿಟ್ಟಳು. ಮೊಮ್ಮಗಳ ಹಸಿವಿನೆದುರು ಅವರ ವಾದ ನಿಲ್ಲಲಿಲ್ಲ. “ಆಯ್ತು, ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಸಲ ಕುಣಿಯಲಿ. ಊರವರು ಎಂತ ಹೇಳ್ತಾರೆ ನೋಡುವ. ಮೆಚ್ಚಿದ್ರೆ ಕಲೀಲಿ, ಇಲ್ಲದಿದ್ರೆ ಅಲ್ಲಿಗೇ ಮಂಗಳ” ಎಂದರು.

ವಸಂತಿ ಚೆನ್ನಾಗಿಯೇ ಕುಣಿದಳು. ತುಳು, ಕನ್ನಡ, ಅರೆಭಾಷೆ, ಮಲಯಾಳ, ಬ್ಯಾರಿ ಎಲ್ಲವನ್ನೂ ಬಲ್ಲ ಆ ಸಭೆಗೆ ಹಾಡು ಬಂದದ್ದು ಮಾತ್ರ ತಮಿಳಿನಲ್ಲಿ. ನಾಯಿಕೆ ಬಾರದ ನಲ್ಲನಿಗಾಗಿ ಬಾಗಿಲ ಕಡೆ ನೋಡುವ ಸನ್ನಿವೇಶ. ಅವಳು ಬಲಕ್ಕೆ ನೋಡಿದಾಗ ಸಭೆಯೂ ಬಲಕ್ಕೆ ನೋಡಿತು. ಪಕ್ಕದಲ್ಲಿದ್ದ ರಾಮಕುಂಜದ ಕೃಷಿಕರೊಬ್ಬರು ನನ್ನ ಕಿವಿಗೆ ಬಾಗಿ, “ಯಾರಿಗೆ ಕಾಯುದು ಮಾರಾಯ್ರೆ? ಆ ವೇಷಕ್ಕೆ ಇನ್ನೂ ಬಣ್ಣ ಹಚ್ಚಿ ಆಗ್ಲಿಲ್ವಾ?” ಎಂದು ಕೇಳಿದರು. ಬರುವವರು ಯಾರೂ ಇಲ್ಲ ಎಂದೆ. “ಛೆ, ಪಾಪದ ಹುಡುಗಿ! ಕೈಕೊಟ್ಟನಾ?” ಎಂದು ಮರುಗಿದರು. ಹಾಡಿನ ಅರ್ಥ ಅಷ್ಟು ಸರಿಯಾಗಿ ಆದದ್ದು ಅವರೊಬ್ಬರಿಗೇ.

ಕುಣಿತ ಮುಗಿಯಿತು. ವಸಂತಿ ಕೈಮುಗಿದು ನಿಂತಳು. ಇನ್ನು ಮಾತು ಬರುತ್ತದೆಂದು ಜನ ವೀಳ್ಯ ಬಾಯಿಗೆ ಹಾಕಿಕೊಂಡು ಸರಿಯಾಗಿ ಕುಳಿತರು. ಒಂದೇ ಒಂದು ಚಪ್ಪಾಳೆ ಇಲ್ಲ. ಅದು ಗೌರವದ ಮೌನವೆಂದು ಎಂಟನೇ ಕ್ಲಾಸಿನ ಹುಡುಗಿಗೆ ಹೇಗೆ ತಿಳಿಯಬೇಕು? ಅವಳ ತುಟಿ ನಡುಗುವುದು ನಾನು ಕುಳಿತಲ್ಲಿಗೇ ಕಾಣುತ್ತಿತ್ತು. ಆಗ ನನ್ನ ತಂದೆ ಎದ್ದರು. ಮೊಮ್ಮಗಳಿಗೆ ಮಾತು ಮರೆತಿದೆ ಎಂದು ಬಗೆದು, ಭಾಗವತರು ವೇಷಧಾರಿಯನ್ನು ಮಾತಿಗೆಳೆಯುವ ಧಾಟಿಯಲ್ಲಿ, “ಬಂದವಳು ಯಾರು? ಬಂದ ಕಾರಣವೇನು?” ಎಂದು ಎತ್ತಿಕೊಟ್ಟರು.

“ವಸಂತಿ... ಎಂಟನೇ ಕ್ಲಾಸು. ಮಾಷ್ಟ್ರು ಕುಣಿಲಿಕ್ಕೆ ಹೇಳಿದ್ರು.”

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಆಮೇಲೆ ಚಪ್ಪಾಳೆಯೂ ಬಂತು, ಭರ್ಜರಿಯಾಗಿ. ವಸಂತಿ ಅಷ್ಟರಲ್ಲಿ ಪರದೆಯ ಹಿಂದೆ ಅಳುತ್ತಿದ್ದಳು.

ತಂದೆ ಮಾತಿಗೆ ತಪ್ಪಲಿಲ್ಲ. “ಜನ ಮೆಚ್ಚಿದ್ರಲ್ಲ, ಇನ್ನು ಕಲೀಲಿ” ಎಂದು ಮರುದಿನ ತಾವೇ ಹೇಳಿದರು. ಅವಳು ಆಗಲೇ ಗೆಜ್ಜೆಯನ್ನು ರೇಂಜರರ ಮನೆಗೆ ಹಿಂದಿರುಗಿಸಿ ಬಂದಾಗಿತ್ತು. “ಕುಣಿದದ್ದಕ್ಕೆ ಯಾರೂ ತಟ್ಲಿಲ್ಲ ಅಜ್ಜ. ನಗಾಡಿ ತಟ್ಟಿದ್ದು” ಎಂದಳು. ವಸಂತಿ ಮತ್ತೆ ಕುಣಿಯಲಿಲ್ಲ. ಕೊಡ ಮಾತ್ರ ಪೂರ್ತಿ ತುಂಬಿಯೇ ಬರತೊಡಗಿತು.

ನನ್ನ ವರದಿ ಪತ್ರಿಕೆಯಲ್ಲಿ ಬಂತು: ಕುಮಾರಿ ವಸಂತಿಯ ನೃತ್ಯ ಸಭಿಕರ ಮೆಚ್ಚುಗೆ ಗಳಿಸಿತು. ಅವಳು ಅದನ್ನು ಓದಿ, “ಯಾವ ಸಭಿಕರು ಅಪ್ಪ?” ಎಂದಳು.

“ನಾನೂ ಸಭಿಕನೇ ಅಲ್ವಾ?”

“ನೀವು ಕೈ ತಟ್ಲಿಲ್ಲ.”

“ವರದಿಗೆ ಹೋದವರು ಚಪ್ಪಾಳೆ ತಟ್ಟುವ ಕ್ರಮ ಇಲ್ಲ ಮಗಳೇ.”

ಅವಳು ಪತ್ರಿಕೆ ಮಡಚಿಟ್ಟು ಒಳಗೆ ಹೋದಳು. ಆ ಮೌನದಲ್ಲಿ ಮೊದಲು ಕೈ ತಟ್ಟುವವನೊಬ್ಬ ಬೇಕಿತ್ತು. ಉಳಿದವರು ಹೇಗೂ ಹಿಂದಿನಿಂದ ಬರುತ್ತಿದ್ದರು. ನಾನು ತಟ್ಟಿದ್ದರೆ ಒಂದು ಕ್ರಮ ತಪ್ಪುತ್ತಿತ್ತು, ಆದರೆ ವರದಿಯಾದರೂ ನಿಜವಾಗುತ್ತಿತ್ತು.