ಕುಮಾರಿ ಮಾದರಿಯ ಮೊದಲ ಹಾರಾಟ

ಶನಿವಾರ ಸಂಜೆ ನಾಲ್ಕು ಗಂಟೆ. ಶಾಲೆಯ ಗುಮಾಸ್ತರಿಗೆ ಮನೆಗೆ ಹೊರಡುವ ಆತುರ. ಹೊಸ ಡ್ರಾಯಿಂಗ್ ಮೇಷ್ಟ್ರಿಗೆ ಗುಮಾಸ್ತರನ್ನು ಎದುರು ಹಾಕಿಕೊಳ್ಳಲು ಭಯ. ಇವೆರಡೂ ಒಂದೇ ಮೇಜಿನ ಮುಂದೆ ಕೂಡಿಬಂದದ್ದೇ ಎಲ್ಲ ಅನಾಹುತಕ್ಕೂ ಮೂಲವಾಯಿತು.

ವಿಷಯ ಇಷ್ಟೇ. ಊರಾಚೆ ಸಣ್ಣ ವಿಮಾನಗಳ ಕ್ಲಬ್ಬೊಂದಿತ್ತು. ಅದರ ಸದಸ್ಯರು ವಾರವಿಡೀ ತಂತಮ್ಮ ಕಸುಬು ಮಾಡಿಕೊಂಡಿದ್ದು ಭಾನುವಾರ ಮಾತ್ರ ಪೈಲಟ್‌ಗಳಾಗುತ್ತಿದ್ದರು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಕರೆಸಿಕೊಂಡು, ತಮ್ಮದೇ ವಿಮಾನದಲ್ಲಿ ಪುಕ್ಕಟೆಯಾಗಿ ಇಪ್ಪತ್ತು ನಿಮಿಷ ಆಕಾಶ ಸುತ್ತಿಸಿ ಇಳಿಸುತ್ತಿದ್ದರು. ಅಷ್ಟರಲ್ಲಿ ಒಬ್ಬಿಬ್ಬರಿಗಾದರೂ ಹಾರಾಟದ ಹುಚ್ಚು ಹತ್ತಲಿ ಎಂಬುದು ಅವರ ಆಸೆ. ಈ ಸಲ ಬೇರೆ ಬೇರೆ ತರಗತಿಗಳಿಂದ ಹನ್ನೆರಡು ಮಕ್ಕಳು ಆಯ್ಕೆಯಾಗಿದ್ದರು. ಅವರನ್ನು ಕರೆದುಕೊಂಡು ಹೋಗುವ ಕೆಲಸ ಮೇಷ್ಟ್ರ ತಲೆಗೆ ಬಿತ್ತು. ಮೇಷ್ಟ್ರು ಶಾಲೆಗೆ ಸೇರಿ ಹನ್ನೊಂದು ದಿನವಾಗಿತ್ತು. ಕೆಲಸ ತಾತ್ಕಾಲಿಕ. ಅದು ಕಾಯಂ ಆಗುವುದೂ ಬಿಡುವುದೂ ಹೆಡ್‌ಮೇಡಂ ಕೈಯಲ್ಲಿತ್ತು. ಹಾಗಾಗಿ ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಲೂ ಅಂಜಿ ಗೋಡೆ ಹಿಡಿದುಕೊಳ್ಳುವ ಆ ಮನುಷ್ಯ, ವಿಮಾನವೆಂದರೆ ತನಗೆ ಪ್ರಾಣ ಎಂದು ಹೇಳಿ ಒಪ್ಪಿಕೊಂಡಿದ್ದರು.

ಗುಮಾಸ್ತರು ಅರ್ಜಿಗಳ ಮೂಲೆಯನ್ನಷ್ಟೇ ಎತ್ತುತ್ತ, 'ಇಲ್ಲೊಂದು, ಇಲ್ಲೊಂದು' ಎನ್ನುತ್ತ ಹೋದರು. ಮೇಷ್ಟ್ರು ಸಹಿ ಹಾಕುತ್ತ ಹೋದರು. ಪ್ರತಿ ಸಹಿಯ ಮೇಲೆ 'ಈ ಮಗುವನ್ನು ನಾನು ಚೆನ್ನಾಗಿ ಬಲ್ಲೆ; ಇದರ ಪೂರ್ತಿ ಹೊಣೆ ನನ್ನದು' ಎಂದು ಅಚ್ಚಾಗಿತ್ತು. ಅರ್ಜಿ ತುಂಬುವುದು ಹೇಗೆಂದು ಮಕ್ಕಳಿಗೆ ತೋರಿಸಲು ಗುಮಾಸ್ತರೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಒಂದು ಹಾಳೆಯೂ ಅಂಟು ಬಿಟ್ಟು ಬಿದ್ದು ಆ ಕಂತೆಯೊಳಗೆ ಸೇರಿಹೋಗಿತ್ತು. ಹೆಸರು ಎಂಬಲ್ಲಿ ಅವರು 'ಮಾದರಿ' ಎಂದು ಬರೆದಿದ್ದರು. ವಯಸ್ಸು ಹನ್ನೆರಡು, ತೂಕ ಮೂವತ್ತೆಂಟು ಕಿಲೋ, ಹೆಣ್ಣು. ಮೇಷ್ಟ್ರು ಅದಕ್ಕೂ ಸಹಿ ಹಾಕಿ, ಕೆಳಗೊಂದು ಗೆರೆ ಎಳೆದು, ಎರಡು ಚುಕ್ಕೆ ಇಟ್ಟರು. ಕಂತೆ ಅಂದೇ ಸಂಜೆ ಕ್ಲಬ್ಬಿಗೆ ಹೋಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಶಾಲೆಯ ಬಸ್ಸು ಕ್ಲಬ್ಬಿನ ಮೈದಾನ ತಲುಪಿತು. ದೊಡ್ಡ ಶೆಡ್ಡಿನ ಮುಂದೆ ಐದು ವಿಮಾನಗಳು ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಒಂದು ಮೇಜು, ಒಂದು ತೂಕದ ಯಂತ್ರ, ಅವುಗಳ ಹಿಂದೆ ಕೈಯಲ್ಲಿ ಪಟ್ಟಿ ಹಿಡಿದ ಒಬ್ಬ ಹೆಂಗಸು. ಆಕೆಯೂ ಪೈಲಟ್ಟೇ, ಅಂದಿನ ಮೇಲ್ವಿಚಾರಣೆಯೂ ಆಕೆಯದೇ. ಎರಡು ನಿಮಿಷದಲ್ಲಿ ಮಕ್ಕಳು ಆಕೆಗೆ ಪಟ್ಟಿ ಮೇಡಂ ಎಂದು ಹೆಸರಿಟ್ಟರು.

ಪಟ್ಟಿ ಮೇಡಂ ಒಬ್ಬೊಬ್ಬರನ್ನೇ ಕೂಗಿ, ತೂಗಿ, ಗುರುತು ಹಾಕಿದರು. ಹನ್ನೆರಡು ಮುಗಿಯಿತು.

"ಕುಮಾರಿ ಮಾದರಿ," ಎಂದರು.

ಯಾರೂ ಮುಂದೆ ಬರಲಿಲ್ಲ. ಅವರು ಇನ್ನೊಮ್ಮೆ ಕೂಗಿ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮಕ್ಕಳ ಕಡೆ ನೋಡಿದರು. ಹನ್ನೊಂದು ದಿನದಲ್ಲಿ ಮುನ್ನೂರು ಮಕ್ಕಳ ಹೆಸರು ಯಾರಿಗೆ ಬಾಯಿಗೆ ಬಂದೀತು? ಇಲ್ಲೇ ಎಲ್ಲೋ ಇರಬೇಕು ಎಂದು ತೊದಲಿದರು.

"ಇಲ್ಲೇ ಎಲ್ಲೋ ಅಂದ್ರೆ ಏನ್ರೀ? ಈ ಮಗುವನ್ನ ಚೆನ್ನಾಗಿ ಬಲ್ಲೆ ಅಂತ ಸಹಿ ಹಾಕಿದೀರಿ. ಬಸ್ಸಲ್ಲಿ ಹತ್ತಿಸಿದ್ರೋ ಇಲ್ವೋ?"

ಮೇಷ್ಟ್ರು ಬಸ್ಸಿನ ಕಡೆ ತಿರುಗುವಷ್ಟರಲ್ಲಿ ಜಡೆ ಹಾಕಿದ ಒಬ್ಬ ಹುಡುಗಿ, ಮಾದರಿ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದಳು ಎಂದು ಸಾಕ್ಷಿ ಹೇಳಿದಳು. ಅಲ್ಲಿಂದ ಶುರುವಾಯಿತು. ಕನ್ನಡಕದ ಹುಡುಗನೊಬ್ಬ, ಅವಳು ತನ್ನ ಬಿಸ್ಕತ್ತೆಲ್ಲ ತಿಂದುಬಿಟ್ಟಳೆಂದು ದೂರು ಕೊಟ್ಟ. ಅವಳು ಬಿ ಸೆಕ್ಷನ್ನಿನವಳು, ಯಾರ ಜೊತೆಗೂ ಮಾತಾಡುವುದಿಲ್ಲ ಎಂದಳು ಇನ್ನೊಬ್ಬಳು. ಬೈನಾಕ್ಯುಲರ್ ತೂಗುಹಾಕಿಕೊಂಡಿದ್ದ ಕ್ಲಬ್ಬಿನ ಹಿರಿಯರೊಬ್ಬರು, ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಗಾಳಿಯ ದಿಕ್ಕು ತೋರಿಸುವ ಚೀಲದ ಕಂಬದ ಕಡೆ ಹೋದದ್ದನ್ನು ಕಣ್ಣಾರೆ ಕಂಡೆನೆಂದರು. ಅಷ್ಟರಲ್ಲಿ ಚಿಕ್ಕವಳೊಬ್ಬಳು, ಮಾದರಿ ನನ್ನ ಬೆಸ್ಟ್ ಫ್ರೆಂಡು ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಮಗುವೊಂದು ರನ್‌ವೇ ಕಡೆ ಅಲೆಯುತ್ತಿದ್ದರೆ ಒಂದು ಚಕ್ರವೂ ಉರುಳುವಂತಿಲ್ಲ ಎಂದು ಪಟ್ಟಿ ಮೇಡಂ ಐದು ವಿಮಾನಗಳನ್ನೂ ನಿಲ್ಲಿಸಿಬಿಟ್ಟರು. ಹತ್ತು ಗಂಟೆಯ ಮೇಲೆ ಗಾಳಿ ಜೋರಾಗುತ್ತದೆ, ಆಮೇಲೆ ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಏರುವ ಹಾಗಿಲ್ಲ ಎಂದೂ ಹೇಳಿದರು. ಐದು ಜನ ಪೈಲಟ್‌ಗಳು ಐದು ದಿಕ್ಕಿಗೆ ಹುಡುಕಲು ಹೊರಟರು. ಹನ್ನೆರಡು ಮಕ್ಕಳು ಬೆಂಚಿನ ಮೇಲೆ ಸಪ್ಪೆ ಮುಖ ಹಾಕಿಕೊಂಡು ಕೂತರು. ಅವರಲ್ಲಿ ಒಬ್ಬ ಮೂರು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲವಂತೆ.

ಮೇಷ್ಟ್ರು ಪೆಟ್ರೋಲ್ ಡ್ರಮ್ಮುಗಳ ಹಿಂದೆ ಬಗ್ಗಿ ನೋಡಿದರು, ಹುಲ್ಲು ಕತ್ತರಿಸುವ ಯಂತ್ರದಡಿ ನೋಡಿದರು, ವಿಮಾನವೊಂದರ ಬಾಲದೊಳಗೆ ಇಣುಕಿ ಮೆಕ್ಯಾನಿಕ್ಕಿನಿಂದ ಬೈಸಿಕೊಂಡರು. ಹುಡುಕುತ್ತ ಹುಡುಕುತ್ತ ಅವರಿಗೂ ಮಾದರಿಯ ಮುಖ ಮಸುಕುಮಸುಕಾಗಿ ನೆನಪಾಗತೊಡಗಿತು. ಮರಕ್ಕೆ ನೀಲಿ ಬಣ್ಣ ಹಚ್ಚಿದ್ದಕ್ಕೆ ಮೊನ್ನೆ ಬೈದದ್ದು ಇವಳನ್ನೇ ಅಲ್ಲವೇ? ಪಾಪ, ಮಗು ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಎಲ್ಲಿಗಾದರೂ ಹೊರಟುಹೋಯಿತೇ?

ತಂದೆತಾಯಿಗೆ ತಿಳಿಸದಿದ್ದರೆ ತಪ್ಪಾದೀತೆಂದು ಅವರ ನಂಬರು ಕೇಳಲು ಗುಮಾಸ್ತರಿಗೆ ಫೋನು ಮಾಡಿದರು. ಗುಮಾಸ್ತರು ನಿದ್ದೆಗಣ್ಣಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು.

"ಸಾರ್, ಅದು ಹುಡುಗಿ ಅಲ್ಲ. ಅದು ಮಾದರಿ."

"ಅದೇ ಕಣ್ರೀ, ಮಾದರೀನೇ ಕಾಣ್ತಿಲ್ಲ."

"ಅಯ್ಯೋ ಸಾರ್, ಮಾದರಿ ಅಂದ್ರೆ ಮಾದರಿ ಅರ್ಜಿ. ಹೀಗೆ ತುಂಬಬೇಕು ಅಂತ ತೋರ್ಸೋಕೆ ನಾನೇ ಬರೆದಿದ್ದು. ನೀವು ಓದಿ ಸಹಿ ಹಾಕ್ತಿದೀರಿ ಅಂದ್ಕೊಂಡಿದ್ದೆ."

ಮೇಷ್ಟ್ರು ಅಲ್ಲೇ ಒಂದು ಟೈರಿನ ಮೇಲೆ ಕುಸಿದು ಕೂತರು. ನಿಜ ಹೇಳಿದರೆ, ಇಲ್ಲದ ಮಗುವನ್ನು ಚೆನ್ನಾಗಿ ಬಲ್ಲೆನೆಂದು ಬರೆದುಕೊಟ್ಟ ಮೇಷ್ಟ್ರು ಎಂಬ ಬಿರುದು ಸೋಮವಾರ ಬೆಳಿಗ್ಗೆಯೇ ಹೆಡ್‌ಮೇಡಂ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ಈ ಹನ್ನೆರಡು ಮಕ್ಕಳು ಹಾರದೆ ಮನೆಗೆ ಹೋಗುತ್ತಾರೆ. ಗಡಿಯಾರದಲ್ಲಿ ಎಂಟೂವರೆ. ಅವರು ಎದ್ದು ಹೋಗಿ ಪಟ್ಟಿ ಮೇಡಂ ಮುಂದೆ ನಿಂತು, ಮಾದರಿಯ ಸೋದರಮಾವ ಬಂದು ಅವಳನ್ನು ಗೇಟಿನಿಂದಲೇ ಮನೆಗೆ ಕರೆದುಕೊಂಡು ಹೋದರಂತೆ, ಈಗ ಫೋನು ಬಂತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಅಳುತ್ತಿದ್ದ ಚಿಕ್ಕವಳು ಕಣ್ಣೊರೆಸಿಕೊಂಡು, ಹೌದು, ಆ ಮಾವನಿಗೆ ದಪ್ಪ ಮೀಸೆ ಇತ್ತು ಎಂದಳು.

ಪಟ್ಟಿ ಮೇಡಂ ಜವಾಬ್ದಾರಿಯ ವಿಷಯವಾಗಿ ಮೇಷ್ಟ್ರಿಗೆ ಐದು ನಿಮಿಷ ಪಾಠ ಹೇಳಿದರು. ಆಮೇಲೆ ವಿಮಾನಕ್ಕೆ ಮೂವರಂತೆ ನಾಲ್ಕು ವಿಮಾನಗಳು ಹನ್ನೆರಡು ಮಕ್ಕಳನ್ನು ಹೊತ್ತು ಏರಿದವು. ನಾಲ್ಕನೆಯದನ್ನು ಪಟ್ಟಿ ಮೇಡಮ್ಮೇ ಹಾರಿಸಿಕೊಂಡು ಹೊರಟರು. ಕೆಳಗೆ ಉಳಿದದ್ದು ಐದನೆಯ ವಿಮಾನ, ಮಾದರಿಗೆಂದೇ ಕಾದಿದ್ದದ್ದು.

ಅದರ ಪೈಲಟ್ ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಮಗುವೊಂದನ್ನು ಹಾರಿಸುವ ಸಂತೋಷಕ್ಕೆಂದೇ ಕತ್ತಲಲ್ಲಿ ಎದ್ದು ದೂರದಿಂದ ಬಂದಿದ್ದ ಮನುಷ್ಯ, ರೆಕ್ಕೆಗೆ ಒರಗಿಕೊಂಡು ಹಸಿದ ಮಗುವಿನಂತೆ ಮುಖ ಮಾಡಿದ್ದರು. ಹೊರಡುವ ಮುನ್ನ ಪಟ್ಟಿ ಮೇಡಂ ಅದಕ್ಕೂ ಪರಿಹಾರ ಹೇಳಿಹೋಗಿದ್ದರು: ವಿಮಾನವೆಂದರೆ ಪ್ರಾಣ ಎನ್ನುವ ಮೇಷ್ಟ್ರಿದ್ದಾರಲ್ಲ, ಆ ಸೀಟಿನಲ್ಲಿ ಅವರೇ ಹೋಗಿಬರಲಿ.

ಮೇಷ್ಟ್ರು ತಮಗೆ ನೆಗಡಿಯೆಂದರು, ಮಕ್ಕಳನ್ನು ನೋಡಿಕೊಳ್ಳಬೇಕೆಂದರು. ಮಕ್ಕಳೆಲ್ಲ ಮೇಲೇ ಇದ್ದಾರೆ, ಅಲ್ಲಿಂದಲೇ ನೋಡಿಕೊಳ್ಳಬಹುದು ಎಂದು ಡಾಕ್ಟರು ಅವರನ್ನು ಮುಂದಿನ ಸೀಟಿಗೆ ತಳ್ಳಿ ಬೆಲ್ಟು ಬಿಗಿದರು.

"ಭಯ ಬೇಡ. ಏನೂ ನೋವಾಗಲ್ಲ," ಎಂದರು ಅಭ್ಯಾಸಬಲದಿಂದ. "ಬಾಯಿ ಮಾತ್ರ ಅಷ್ಟು ಅಗಲ ತೆರೀಬೇಡಿ."

ನೆಲ ಕೆಳಗೆ ಜಾರಿತು. ಮೇಷ್ಟ್ರು ಕಣ್ಣು ಮುಚ್ಚಿದರು. ತಕ್ಕ ಎತ್ತರ ಬಂದಮೇಲೆ, ಮಕ್ಕಳಿಗೆ ಕೊಡುವಂತೆ ಇವರಿಗೂ ಎರಡು ನಿಮಿಷ ವಿಮಾನ ನಡೆಸಲು ಕೊಡೋಣವೆಂದು ಡಾಕ್ಟರು ಎದುರಿಗಿದ್ದ ಹಿಡಿ ತೋರಿಸಿದರು. ಹಿಡಿಯಲು ಏನೋ ಒಂದು ಸಿಕ್ಕಿತಲ್ಲ ಎಂದು ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕಲ್ಲಾದರು. ಉಸಿರಾಡಿದರೆ ವಿಮಾನ ಬಿದ್ದೀತೆಂದು ಉಸಿರನ್ನೂ ಬಿಗಿಹಿಡಿದರು. ವಿಮಾನ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಎರಡು ನಿಮಿಷ ಆರಾಯಿತು. ಹಿಡಿಯಿಂದ ಅವರ ಬೆರಳುಗಳನ್ನು ಡಾಕ್ಟರು ಒಂದೊಂದಾಗಿ, ಕಸುಬಿನ ನಾಜೂಕಿನಿಂದ ಬಿಡಿಸಬೇಕಾಯಿತು.

ಇಳಿದಮೇಲೆ ಡಾಕ್ಟರು ಜೇಬಿನಿಂದ ಕಾರ್ಡು ತೆಗೆದು ಬರೆದರು. ಪ್ರತಿ ಮಗುವಿಗೂ ಹೆಸರು ಮೊದಲೇ ಬರೆದಿಟ್ಟಿದ್ದ ಒಂದೊಂದು ಕಾರ್ಡಿತ್ತು. ಹೇಗೆ ಹಾರಿತೆಂದು ಪೈಲಟ್ ಅದರಲ್ಲಿ ಬರೆಯಬೇಕು. ಮೇಲೆ ಯಾರ ಹೆಸರಿದೆಯೆಂದು ಡಾಕ್ಟರು ನೋಡಲಿಲ್ಲ. ಬರೆದು ಡಬ್ಬಿಗೆ ಹಾಕಿ ಹೋದರು. ಮೇಷ್ಟ್ರು ಆಗ ಹುಲ್ಲಿನ ಮೇಲೆ ಬೋರಲು ಮಲಗಿ ಭೂಮಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಹನ್ನೊಂದು ಗಂಟೆಗೆ ಕ್ಲಬ್ಬಿನ ಅಧ್ಯಕ್ಷರು ಬಂದರು, ಜೊತೆಗೆ ಅತಿಥಿಯಾಗಿ ಹೆಡ್‌ಮೇಡಮ್ಮೂ ಬಂದರು. ಪಟ್ಟಿ ಮೇಡಂ ವಿಮಾನಗಳನ್ನು ಶೆಡ್ಡಿಗೆ ಸೇರಿಸುವ ಗಡಿಬಿಡಿಯಲ್ಲಿದ್ದರು. ಮಕ್ಕಳು ಹಾರಿದ ಮತ್ತಿನಲ್ಲಿ ಮೈಕಿನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅಧ್ಯಕ್ಷರು ಕಾರ್ಡುಗಳನ್ನೆಲ್ಲ ಓದಿ, ಒಂದನ್ನು ಎತ್ತಿಹಿಡಿದು, ಇಂಥ ವರದಿ ತಾವು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲವೆಂದರು. "ಕೈ ಕಿಂಚಿತ್ತೂ ನಡುಗಲಿಲ್ಲ. ಅನಗತ್ಯವಾಗಿ ಒಂದು ಮಾತೂ ಆಡಲಿಲ್ಲ. ಅಪೂರ್ವ ಏಕಾಗ್ರತೆ." ಈ ವರ್ಷದ ಉಚಿತ ಪೈಲಟ್ ತರಬೇತಿ, ಕುಮಾರಿ ಮಾದರಿಗೆ.

ಮೇಷ್ಟ್ರು ಎದ್ದು ಹೆಡ್‌ಮೇಡಂ ಹತ್ತಿರ ಓಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಕಾಲಿಗೆ ಬಿದ್ದಾದರೂ ನಿಜ ಹೇಳಿಬಿಡುವುದೆಂದು ಬಾಯಿ ತೆರೆದರು. ಹೆಡ್‌ಮೇಡಂ ಆಗ ಅಧ್ಯಕ್ಷರಿಗೆ ಹೇಳುತ್ತಿದ್ದರು:

"ನನಗೇನೂ ಆಶ್ಚರ್ಯ ಇಲ್ಲ. ಆ ಹುಡುಗೀನ ಒಂದನೇ ಕ್ಲಾಸಿನಿಂದ ನೋಡ್ತಾ ಇದೀನಿ ನಾನು."

ಮೇಷ್ಟ್ರು ಬಾಯಿ ಮುಚ್ಚಿದರು. ಅದಾದ ಮೇಲೆ ನಿಜ ಹೇಳುವುದೆಂದರೆ ಅಧ್ಯಕ್ಷರೆದುರು ಹೆಡ್‌ಮೇಡಮ್ಮನ್ನು ಸುಳ್ಳುಗಾತಿ ಎಂದ ಹಾಗೆ. ಅವರ ಮೌನವನ್ನು ವಿನಯವೆಂದು ತಿಳಿದು ಹೆಡ್‌ಮೇಡಂ ಬೆನ್ನು ತಟ್ಟಿದರು. ಕಾಯಂ ಮಾಡುವ ವಿಷಯ ಯೋಚಿಸೋಣ, ನಾಳೆ ಬೆಳಿಗ್ಗೆ ಎಲ್ಲರೆದುರು ಆ ಹುಡುಗಿಯನ್ನು ತಂದು ನಿಲ್ಲಿಸಿ ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಗುಮಾಸ್ತರ ಫೋನು ಬಂತು. ಹೆಡ್‌ಮೇಡಂ ಭಾನುವಾರವೂ ಬಿಡದೆ ಗುಮಾಸ್ತರನ್ನು ಶಾಲೆಗೆ ಕರೆಸಿದ್ದರಂತೆ. ದಾಖಲಾತಿ ಪುಸ್ತಕದಲ್ಲಿ ಮಾದರಿಯ ಹೆಸರೇ ಇಲ್ಲ, ಇಂಥ ಹುಡುಗಿಯನ್ನು ಬಿಟ್ಟುಬಿಟ್ಟಿದ್ದೀರಲ್ಲ ಎಂದು ಚೆನ್ನಾಗಿ ಬೈದು, ಹಿಂದಿನ ತಾರೀಖು ಹಾಕಿ ಈಗಲೇ ಬರೆಯಿರಿ ಎಂದು ಎದುರಿಗೇ ಕೂತರಂತೆ.

"ಅವಳು ಇಲ್ಲವೇ ಇಲ್ಲ ಅಂತ ನೀವು ಹೇಳ್ಬಾರ್ದಿತ್ತಾ?" ಎಂದರು ಮೇಷ್ಟ್ರು.

"ನೀವೇ ಹೇಳ್ಲಿಲ್ಲ, ನಾನು ಹೇಗೆ ಹೇಳ್ಲಿ ಸಾರ್? ಬರೆದೆ. ಪೋಷಕರು ಯಾರು ಅಂತ ಕೇಳಿದ್ರು. ಅರ್ಜೀಲಿ ಪೂರ್ತಿ ಹೊಣೆ ನನ್ನದು ಅಂತ ನಿಮ್ಮ ಸಹಿ ಇತ್ತಲ್ಲ, ನಿಮ್ಮ ಹೆಸರು, ಮನೆ ಫೋನ್ ನಂಬರು ಹಾಕಿದೆ. ಅವರಿಗೆ ತುಂಬಾ ಖುಷಿಯಾಯ್ತು."

ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸಿ ಮೇಷ್ಟ್ರು ಮನೆ ಸೇರಿದಾಗ ಎರಡು ಗಂಟೆ. ಬಾಗಿಲು ತೆರೆದೇ ಇತ್ತು. ಹೆಂಡತಿ ನಡುಮನೆಯ ಕುರ್ಚಿಯಲ್ಲಿ ಕೈಕಟ್ಟಿಕೊಂಡು ಕೂತಿದ್ದಳು. ಮೇಜಿನ ಮೇಲೆ ತಟ್ಟೆಯಿರಲಿಲ್ಲ, ಒಲೆಯ ಮೇಲೆ ಪಾತ್ರೆಯಿರಲಿಲ್ಲ.

"ನಿಮ್ಮ ಹೆಡ್‌ಮೇಡಂ ಫೋನ್ ಮಾಡಿದ್ರು," ಎಂದಳು ಮೆಲ್ಲಗೆ. "ತಾಯಿಯಾದವಳಿಗೆ ಎಷ್ಟು ಹೆಮ್ಮೆ ಆಗಿರಬೇಕು ಅಂತ ನನಗೆ ಅಭಿನಂದನೆ ಹೇಳಿದ್ರು. ಹನ್ನೆರಡು ವರ್ಷವಂತೆ ಮಗಳಿಗೆ. ನಾವು ಮದುವೆಯಾಗಿ ಒಂಬತ್ತು ವರ್ಷ."

ಮೇಷ್ಟ್ರು ಚೀಲ ಕೆಳಗಿಟ್ಟು, ಅಂಥ ಹುಡುಗಿ ಈ ಭೂಮಿಯ ಮೇಲೇ ಇಲ್ಲವೆಂದು ಆಣೆ ಮಾಡಿದರು.

"ಇಲ್ಲದೆ ಏನು? ಅವರು ಒಂದನೇ ಕ್ಲಾಸಿನಿಂದ ನೋಡಿದಾರಂತೆ," ಎಂದಳು ಹೆಂಡತಿ. "ಮೂಗು, ಹಣೆ, ನಡಿಗೆ ಎಲ್ಲ ಥೇಟ್ ನಿಮ್ಮದೇ ಅಂತೆ."