ಅವ್ವ ಊದಲೊಲ್ಲದ ದೀಪ

ಓದಿದವನಿಗೆ ಅಂಟುವ ದೊಡ್ಡ ರೋಗವೆಂದರೆ, ಕಂಡಕಂಡವರಿಗೆಲ್ಲ ತಿಳಿಸಿ ಹೇಳುವ ಚಟ. ನನಗದು ಬಿ.ಎಸ್ಸಿ. ಪಾಸಾದ ದಿನವೇ ಅಂಟಿತು. ಬೇಡಗ ಊರಿನ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಬಂದವರು ತಾವಾಗಿ ನೋಡದಿದ್ದರೆ, ಧೂಳು ಒರೆಸುವ ನೆವದಲ್ಲಿ ತೋರಿಸುತ್ತೇನೆ.

ಮಿರಜದ ದವಾಖಾನೆಯೊಂದರಲ್ಲಿ ನನ್ನದು ಊದಿಸುವ ಕೆಲಸ. ರೋಗಿ ಕೊಳವೆಗೆ ಬಾಯಿಕೊಟ್ಟು ಊದಿದರೆ, ಅವನ ಪುಪ್ಪುಸದ ಕಸುವೆಷ್ಟೆಂದು ಯಂತ್ರ ಗೆರೆ ಎಳೆಯುತ್ತದೆ. ನಾನು ಕೆಲಸಕ್ಕೆ ಸೇರಿದ್ದು ಹೊರದೇಶದ ಯಂತ್ರಗಳು ಬರತೊಡಗಿದ ಕಾಲದಲ್ಲಿ; ಸಾಂಗಲಿಯ ಬೇಕರಿಗಳಲ್ಲಿ ಹುಟ್ಟುಹಬ್ಬದ ಕೇಕು ಬಂದದ್ದೂ ಆಗಲೇ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ, ಕೇಕಿನ ಮೇಲಿನ ಮೇಣಬತ್ತಿ ಊದುವ ಹುಡುಗಿಯ ಚಿತ್ರವಿತ್ತು. ಅದನ್ನು ನೋಡಿ ನಾನೂ ಎಲ್ಲರಿಗೆ, "ದೀಪಾ ಆರಿಸಿದಂಗ ಊದ್ರಿ" ಎಂದು ಪಾಠ ಹೇಳುತ್ತಿದ್ದೆ.

ನಮ್ಮ ಡಾಕ್ಟರಬಾಯಿಯವರಿಗೆ ಒಂದು ಹೊಸ ಹುಚ್ಚು ಹಿಡಿದಿತ್ತು. ಉಸಿರಿನ ಕಸುವಿಗೂ ಎದೆಬಡಿತದ ಏರಿಳಿತಕ್ಕೂ ನಂಟಿದೆಯೇ ಎಂದು ನೋಡಲು ದೊಡ್ಡ ವಯಸ್ಸಿನವರು ಬೇಕಾಗಿದ್ದರು. ನಾನು ಅವ್ವನನ್ನು ಕರೆತಂದೆ. ವಿಜ್ಞಾನ ಬರೀ ನೆವ. ಅವಳ ಕೆಮ್ಮು ನನ್ನನ್ನು ಹೆದರಿಸಿತ್ತು. ನನ್ನ ಓದಿನುದ್ದಕ್ಕೂ, ಆಮೇಲೂ, ಹಸಿ ಕಟ್ಟಿಗೆಯ ಒಲೆ ಊದಿದವಳು ಅವಳು. ನೌಕರಿ ಸಿಕ್ಕ ಮೇಲೆ ಮೊದಲು ಗ್ಯಾಸ್ ತರಬೇಕಿತ್ತು. ನಾನು ಕಲರ್ ಟಿವಿ ತಂದೆ.

ಅವ್ವ ಊದಿದಳು. ಬಿಸಿ ಹಾಲು ಆರಿಸುವವರೂ ಅದಕ್ಕಿಂತ ಜೋರಾಗಿ ಊದುತ್ತಾರೆ. ಎರಡನೆಯ ಸಲವೂ ಅಷ್ಟೇ. ಡಾಕ್ಟರಬಾಯಿಯವರ ಹುಬ್ಬು ಗಂಟಾಯಿತು.

"ಅವ್ವಾ, ದೀಪಾ ಆರಿಸಿದಂಗ ಊದಬೇ!"

ಅವಳು ಕೊಳವೆ ತೆಗೆದು ನನ್ನತ್ತ ತಿರುಗಿದಳು. "ಭೂಪಾಲಾ, ಕಾಲೇಜಿಗೆ ಹೋಗಿ ಇದನ್ನ ಕಲತಿಯೇನು? ದೀಪಾ ಯಾರರ ಬಾಯಿಲೆ ಊದಿ ಆರಸ್ತಾರ? ಹುಟ್ಟಿದಾಗಿಂದ ಆರಸಿಲ್ಲ, ಈಗ ನಿನ್ನ ಮಷೀನ ಸಲವಾಗಿ ಆರಸಲೇನು?"

"ಬರೇ ಮಾತಬೇ ಅದು."

"ಮಾತಿಗೂ ಆರಸಂಗಿಲ್ಲ."

ಬತ್ತಿಯನ್ನು ಎಣ್ಣೆಗೆ ಇಳಿಸಿ ದೀಪ ಶಾಂತ ಮಾಡುವ ಮನೆಯಲ್ಲೇ ಬೆಳೆದವನು ನಾನು. ಕೇಕಿನ ಚಿತ್ರ ನೋಡಿ ಅದನ್ನೂ ಮರೆತಿದ್ದೆ.

"ಹಂಗಾದ್ರ ಒಲಿ ಊದು," ಎಂದೆ, ಶಾಲೆಗೆ ಹೋಗುತ್ತಿದ್ದಾಗಿನ ದನಿಯಲ್ಲಿ. "ಕಟಗಿ ಹಸಿ ಐತಿ. ರೊಟ್ಟಿ ಆಗಿಲ್ಲ. ನನಗ ಸಾಳಿಗೆ ಹೊತ್ತಾಗೇತಿ."

ಅವ್ವ ಸೆರಗು ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ಊದಿದಳು ನೋಡಿ! ಯಂತ್ರದ ಮುಳ್ಳು ಬೆಚ್ಚಿಬಿದ್ದು ಮೇಲಕ್ಕೆ ಜಿಗಿಯಿತು. "ವಯಸ್ಸಿಗೆ ತುಸು ಕಡಿಮೆ, ಆದರೆ ಹೆದರುವಂಥದ್ದೇನಿಲ್ಲ. ಇನ್ನು ಹೊಗೆಗೆ ಬಿಡಬೇಡಿ," ಎಂದು ಡಾಕ್ಟರಬಾಯಿ ಮರಾಠಿಯಲ್ಲಿ ಹೇಳಿದರು. ನಾನು ಯಂತ್ರ ಒರೆಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡೆ.

ಮುಂದೆ ಎದೆಬಡಿತದ ಪರೀಕ್ಷೆ. "ಮದಲ ನೀ ಮಲಕೋ, ನೋಡತೀನಿ," ಎಂದು ಅವ್ವ ಹಟ ಹಿಡಿದಳು. ಮಲಗಿದೆ. ಬಡಿತದ ಗೆರೆ ಮೂಡಿದ ನನ್ನ ಕಾಗದದ ಪಟ್ಟಿ ಬಂತು: ಬಡಿತಗಳೆಲ್ಲ ಕವಾಯತಿಗೆ ನಿಂತ ಪೊಲೀಸರಂತೆ ಒಂದೇ ಅಳತೆಯಲ್ಲಿ. ಅವ್ವನದು ಹಾಗಲ್ಲ, ಉಸಿರು ಎಳೆದಾಗ ತುಸು ಚುರುಕು, ಬಿಟ್ಟಾಗ ತುಸು ನಿಧಾನ. ನಾನು ಹೆಮ್ಮೆಯಿಂದ, "ನನ್ನದು ಗಡಿಯಾರದಂತಿದೆ," ಎಂದೆ.

"ಅದೇ ಕೊರತೆ," ಎಂದರು ಡಾಕ್ಟರಬಾಯಿ. "ಎದೆ ಉಸಿರಿನ ಜೊತೆ ತೂಗಬೇಕು. ನಿಮ್ಮ ತಾಯಿಯದು ತೂಗುತ್ತಿದೆ. ನೀವು ಸದಾ ಬಿಗಿಯಾಗಿರುತ್ತೀರಾ?"

ಮರಾಠಿ ಚೆನ್ನಾಗಿ ಬಲ್ಲ ಅವ್ವ ನಕ್ಕಳು. "ಸಣ್ಣಾಂವ ಇದ್ದಾಗಿಂದ ಹಂಗ ಅದಾನ್ರಿ ಬಾಯಿ. ರಿಜಲ್ಟ್ ಬಂದು ಎಷ್ಟೋ ವರ್ಷ ಆತು, ಇನ್ನೂ ಪರೀಕ್ಷಾ ಬರಿಯಾಕ ಕುಂತಂಗ ಉಸರಾ ಹಿಡದಾನ."

ಮರುವಾರವೇ ಗ್ಯಾಸಿಗೆ ಹೆಸರು ಹಚ್ಚಿಸಿದೆ. ಸರದಿ ಬಂದು ಸಿಲಿಂಡರೂ ಮನೆಗೆ ಬಂತು. ಕೆಲಸ ಕಳೆದುಕೊಂಡ ಊದುಗೊಳವಿಯನ್ನು ಅವ್ವ ನನ್ನ ಕೈಗೆ ಕೊಟ್ಟಿದ್ದಾಳೆ. ನನ್ನ ಎದೆಯೂ ಉಸಿರಿನ ಜೊತೆ ತೂಗಲೆಂದು, ದಿನಾ ಮುಂಜಾನೆ ಸರ್ಟಿಫಿಕೇಟಿನ ಕೆಳಗೆ ಕೂತು ನಿಧಾನವಾಗಿ ಉಸಿರೆಳೆದು ಊದಬೇಕು, ಅವಳು ಎಣಿಸುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಇಣುಕಿ, ಕೊಳಲು ಕಲಿಯುತ್ತಿದ್ದೀರಾ ಎಂದು ಕೇಳಿದರು. ಈ ಸಲ ಗೋಡೆಯ ಮೇಲಿನ ಸರ್ಟಿಫಿಕೇಟನ್ನು ತೋರಿಸಲು ಕೈ ಏಳಲಿಲ್ಲ.

"ಕಲಿಯಾಕತ್ತಾನ್ರಿ," ಎಂದಳು ಅವ್ವ. "ಇನ್ನೂ ಪಾಸ್ ಆಗಿಲ್ಲ."