ಫೆರಾರಾದಲ್ಲಿ ಶನಿವಾರದ ಸುತ್ತು

ಆ ಶನಿವಾರ ಬೆಳಿಗ್ಗೆ ಫೋನು ಹೊಡೆದುಕೊಂಡಾಗ ಎವಾರಿಸ್ತೊ ಬೊನೊರಾ ಗಲ್ಲಕ್ಕೆ ಸೋಪು ಬಳಿದುಕೊಂಡು ಹಾಲಿನ ಪಾತ್ರೆಯ ಜೊತೆ ಮಾತಾಡುತ್ತಿದ್ದ. "ಉಕ್ಕಬೇಡ, ಬಂದೆ" ಎಂದು ಅದಕ್ಕೆ ಹೇಳಿ ಫೋನೆತ್ತಿದ. ಶನಿವಾರ ಅವನಿಂದ ಪ್ರವಾಸಿಗಳಿಗೆ ಊರು ಸುತ್ತಿಸುತ್ತಿದ್ದ ಆಫೀಸಿನ ಹುಡುಗಿ ದೆಬೋರಾ.

"ಬೊನೊರಾ ಅವರೇ, ನಾನು ಹೇಳ್ದೆ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡಿ. ಇವತ್ತು ನಿಮ್ಮ ಸುತ್ತಿಗೆ ಹೆಡ್ಡಾಫೀಸಿಂದ ಒಬ್ರು ಬರ್ತಾರೆ. ಪ್ರವಾಸಿಗಳ ಥರಾನೇ ಬಂದು, ಗುಟ್ಟಾಗಿ ನೋಡ್ಕೊಂಡು ಹೋಗ್ತಾರೆ. ನಾಲ್ಕು ಜನ ಆದ್ರೂ ಇಲ್ದೇ ಹೋದ್ರೆ ಶನಿವಾರದ ಸುತ್ತನ್ನೇ ನಿಲ್ಲಿಸಿಬಿಡ್ತಾರಂತೆ."

"ಬರೋದು ಗಂಡಸೋ ಹೆಂಗಸೋ?"

"ಅದು ಗೊತ್ತಿದ್ರೆ ಗುಟ್ಟು ಹೇಗಾಗತ್ತೆ?"

ಹಾಲು ಉಕ್ಕಿತು. ಎವಾರಿಸ್ತೊ ಕಿಟಕಿಯ ಹತ್ತಿರ ಹೋಗಿ ನೋಡಿದ. ಜನವರಿಯ ಮಂಜು ಫೆರಾರಾದ ಮೇಲೆ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿತ್ತು. ನಾಲ್ಕು ಗೋಪುರಗಳ ಅಷ್ಟು ದೊಡ್ಡ ಕೋಟೆಯೇ ಎಲ್ಲಿ ಹೋಯಿತೆಂದು ಗೊತ್ತಾಗುತ್ತಿರಲಿಲ್ಲ. ಇಂಥ ದಿನ ಹಣ ಕೊಟ್ಟು ಊರು ನೋಡಲು ಯಾರು ಬರುತ್ತಾರೆ? ಹೋದ ವಾರ ಬಂದವರು ಇಬ್ಬರು. ಅದರಲ್ಲೊಬ್ಬ ಬಸ್‌ ನಿಲ್ದಾಣ ಎಲ್ಲಿ ಎಂದು ಕೇಳಲು ಬಂದವನು.

ಸುತ್ತು ನಿಂತರೆ ಎವಾರಿಸ್ತೊ ಹೊಟ್ಟೆಗಿಲ್ಲದೆ ಸಾಯುತ್ತಿರಲಿಲ್ಲ, ಪಿಂಚಣಿ ಬರುತ್ತಿತ್ತು. ಆದರೆ ಹೆಂಡತಿ ತೀರಿಕೊಂಡ ಮೇಲೆ ಅವನ ವಾರವೆಲ್ಲ "ಒಂದು ಬ್ರೆಡ್ಡು ಕೊಡು", "ಚಳಿ ಜಾಸ್ತಿ ಆಯ್ತು" ಎನ್ನುವಷ್ಟರಲ್ಲೇ ಮುಗಿದುಹೋಗುತ್ತಿತ್ತು. ಶನಿವಾರ ಮಾತ್ರ ಜನ ಅವನ ಮುಖ ನೋಡುತ್ತ, ಅವನು ಕೈ ತೋರಿಸಿದತ್ತ ಕತ್ತು ತಿರುಗಿಸುತ್ತ, ಅವನು ನಿಂತರೆ ನಿಂತು, ನಡೆದರೆ ನಡೆಯುತ್ತಿದ್ದರು. ಅದಕ್ಕಾಗಿ ಅವನು ಶುಕ್ರವಾರವೇ ಷೂ ಪಾಲಿಷ್ ಮಾಡಿಡುತ್ತಿದ್ದ.

ಅರ್ಧ ಗಡ್ಡ ಹೆರೆದುಕೊಂಡೇ ಮೇಲಿನ ಮನೆಯ ಬಾಗಿಲು ತಟ್ಟಿದ. ಅಲ್ಲಿದ್ದವಳು ವಿಧವೆ ಇಯೋಲೆ. ಇಡೀ ಕಟ್ಟಡದಲ್ಲಿ ಯಾರ ಮನೆಯಲ್ಲಿ ಯಾವ ಸಾರು ಕುದಿಯುತ್ತಿದೆ ಎಂದು ಮೂಗಿನಲ್ಲೇ ಹೇಳಬಲ್ಲ ಹೆಂಗಸು.

"ಸಿನ್ಯೋರಾ ಇಯೋಲೆ, ಇವತ್ತು ನೀವು ಪ್ರವಾಸಿ ಆಗ್ಬೇಕು. ತೂರಿನ್‌ನಿಂದ ಬಂದಿದೀನಿ ಅನ್ನಿ. ಈ ಊರು ನೋಡಿದ್ದೇ ಇಲ್ಲ ಅನ್ನೋ ಹಾಗೆ ಬಾಯಿ ಬಿಟ್ಕೊಂಡು ನಿಂತಿರಿ, ಸಾಕು."

"ತೂರಿನ್ ಯಾಕಪ್ಪಾ? ಅಲ್ಲಿದು ಏನಾದ್ರೂ ಕೇಳಿದ್ರೆ ಏನು ಹೇಳ್ಲಿ? ಇಲ್ಲೇ ಪಕ್ಕದೂರು ರೋವಿಗೊದಿಂದ ಬಂದೆ ಅಂತೀನಿ. ಅಲ್ಲಿ ನಮ್ಮ ನಾದಿನಿ ಇದಾಳೆ. ಅವಳ ವಿಷಯ ಬೇಕಾದಷ್ಟಿದೆ ಹೇಳೋಕೆ."

"ಅವರ ವಿಷಯ ಬೇಡ!"

ಕೆಳಗಿನ ಬೇಕರಿಯ ನಾಂದೊ ಅವನ ಜೊತೆ ಓದಿದವನು. ಅವನು ಒಪ್ಪಿದ, ಆದರೆ ತನಗೆ ಸ್ವೀಡನ್ನಿನವನ ಪಾತ್ರವೇ ಬೇಕೆಂದು ಹಟ ಹಿಡಿದ.

"ನಿನಗೆ ಸ್ವೀಡಿಷ್ ಎಲ್ಲಿ ಬರತ್ತೋ?"

"ಅದಕ್ಕೇ ಕಣೋ. ಮಾತಾಡೋ ಹಾಗೇ ಇರಲ್ಲ. ಬಾಯಿ ಮುಚ್ಕೊಂಡು ತಲೆ ಆಡಿಸ್ತೀನಿ."

ಹತ್ತು ಗಂಟೆಗೆ ದೊಡ್ಡ ಚರ್ಚಿನ ಮುಂದೆ ನಾಲ್ವರು ಸೇರಿದ್ದರು. ಇಯೋಲೆ ಹಳೆಯ ತುಪ್ಪುಳ ಕೋಟು ಹಾಕಿದ್ದಳು. ಅದರ ನುಸಿಗುಳಿಗೆಯ ವಾಸನೆ ಅವಳಿಗಿಂತ ಮೊದಲೇ ಬಂದು ನಿಂತಿತ್ತು. ನಾಂದೊ ಕಿವಿ ಮುಚ್ಚುವ ಟೋಪಿ ಹಾಕಿದ್ದ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳಲು ಮರೆತಿದ್ದರಿಂದ ಸ್ವೀಡನ್ನಿನ ಹಿಮ ಹೊತ್ತುಕೊಂಡೇ ಬಂದವನಂತೆ ಕಂಡ. ಉಳಿದಿಬ್ಬರು ಅಪರಿಚಿತರು. ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು ಸೀನುತ್ತಿದ್ದ ಒಬ್ಬ ಹೆಂಗಸು. ಕಪ್ಪು ಓವರ್‌ಕೋಟಿನ, ಪೊರಕೆ ಮೀಸೆಯ ಒಬ್ಬ ಗಂಡಸು. ಅವನು ಗಡಿಯಾರ ನೋಡಿದ, ಎವಾರಿಸ್ತೊನ ಷೂ ನೋಡಿದ, ಮತ್ತೆ ಗಡಿಯಾರ ನೋಡಿದ.

ಇವನೇ, ಎಂದುಕೊಂಡ ಎವಾರಿಸ್ತೊ. ಹೆಡ್ಡಾಫೀಸಿನವರಲ್ಲದೆ ಇನ್ಯಾರು ಹೀಗೆ ನೋಡುತ್ತಾರೆ?

ಹೆಂಗಸು ಮೊಬೈಲು ಎತ್ತಿ ತೋರಿಸಿ, "ನಿಮ್ಮ ಮಾತು ಇದರಲ್ಲಿ ಹಿಡ್ಕೊಳ್ಳಬಹುದಾ? ಶೀತಕ್ಕೆ ಕಿವಿ ಕಟ್ಟಿದೆ. ಆಮೇಲೆ ಕೇಳ್ಕೋತೀನಿ" ಎಂದಳು. "ಧಾರಾಳವಾಗಿ" ಎಂದ ಎವಾರಿಸ್ತೊ, ಮೀಸೆಯವನಿಂದ ಕಣ್ಣು ಕೀಳದೆ.

ಕೋಟೆಯ ಕಂದಕದ ಹತ್ತಿರ ಅವನು ತನ್ನ ಮೆಚ್ಚಿನ ಕತೆ ಎತ್ತಿಕೊಂಡ. ನಡುವಯಸ್ಸಿನ ದೊರೆ, ಅವನ ಎಳೆಯ ಹೆಂಡತಿ ಪಾರಿಸೀನಾ, ಅವಳ ಮಲಮಗ ಊಗೊ. ಇಬ್ಬರಿಗೂ ಪ್ರೀತಿಯಾಗಿ, ಸಿಕ್ಕಿಬಿದ್ದು, ಇದೇ ಕೋಟೆಯ ಸೆರೆಯಲ್ಲಿ ಇಬ್ಬರ ತಲೆಯೂ ಹೋದ ಕತೆ. ದನಿ ನಡುಗಿಸಿ "ಆ ರಾತ್ರಿ..." ಎನ್ನುವಷ್ಟರಲ್ಲಿ ಇಯೋಲೆ ನಡುವೆ ಬಾಯಿ ಹಾಕಿದಳು.

"ಆ ಹುಡುಗಿದೇನು ತಪ್ಪು ಹೇಳಿ! ಅಪ್ಪನ ವಯಸ್ಸಿನವನಿಗೆ ಕಟ್ಟಿದ್ದು ಯಾರು? ದಿನಾ ತರಕಾರಿಗೆ ಹೋಗುವಾಗ ಆ ಸೆರೆಮನೆ ಕಿಟಕಿ ನೋಡಿದ್ರೆ ನನ್ನ ಹೊಟ್ಟೆ ಉರಿಯತ್ತೆ."

ಮೀಸೆಯವನು ತಿರುಗಿದ. "ಆಗ್ಲೇ ಚರ್ಚಿನ ಹತ್ರ ರೋವಿಗೊದಿಂದ ಬಂದಿದೀನಿ ಅಂದ್ರಲ್ಲಾ?"

"ಹೌದು. ದಿನಾ ಬರ್ತೀನಿ. ಅಲ್ಲಿ ಕುಂಬಳಕಾಯಿ ಚೆನ್ನಾಗಿರಲ್ಲ."

ಎವಾರಿಸ್ತೊ ತಕ್ಷಣ ಎಲ್ಲರನ್ನೂ ಹಳೆಯ ಕಮಾನುಗಳ ಓಣಿಗೆ ಎಳೆದುಕೊಂಡು ಹೋದ. ಅಲ್ಲಿ ಮಂಜಿನೊಳಗಿಂದ ಒಂದು ಸೈಕಲ್ ಗಂಟೆ ಹೊಡೆಯುತ್ತ ಬಂತು. ಮೇಲಿದ್ದ ಮುದುಕ ಸ್ವೀಡನ್ನಿನವನನ್ನು ನೋಡಿದ್ದೇ ಕಾಲೂರಿ ನಿಂತ.

"ಏಯ್ ನಾಂದೊ! ಬೇಕರಿ ಬಾಗಿಲು ಹಾಕ್ಕೊಂಡು ಇಲ್ಲೇನೋ ಅಲೀತಿದೀಯಾ? ನಾನು ಮಧ್ಯಾಹ್ನಕ್ಕೆ ಏನು ತಿನ್ಲಿ, ಕಲ್ಲಾ?"

ನಾಂದೊ ಸ್ವಲ್ಪ ಹೊತ್ತು ತಲೆ ಆಡಿಸಿದ. ಆದರೆ ಗಿರಾಕಿ ಎಂದರೆ ಗಿರಾಕಿ. "ಹನ್ನೆರಡಕ್ಕೆ ಬಾರಯ್ಯ, ಬಿಸಿಬಿಸಿ ಇರತ್ತೆ" ಎಂದುಬಿಟ್ಟ.

"ಸ್ವೀಡನ್ನಿನವರು ಭಾಷೆ ಬಹಳ ಬೇಗ ಕಲೀತಾರೆ" ಎಂದ ಎವಾರಿಸ್ತೊ. ಅವನ ದನಿ ಅವನಿಗೇ ಕೇಳಿಸಲಿಲ್ಲ. ಮಫ್ಲರಿನ ಹೆಂಗಸಿಗೆ ಕೆಮ್ಮು ಬಂತೋ ನಗು ಬಂತೋ ತಿಳಿಯಲಿಲ್ಲ.

ಇನ್ನು ಮೀಸೆಯವನನ್ನು ಒಲಿಸಿಕೊಳ್ಳುವುದೊಂದೇ ದಾರಿ. ವಜ್ರದ ಅರಮನೆ ಬಂದಾಗ ಎವಾರಿಸ್ತೊ ಅವನ ತೋಳು ಹಿಡಿದು ಗೋಡೆಯ ಹತ್ತಿರಕ್ಕೆ ಕರೆದೊಯ್ದ. ಗೋಡೆಯ ತುಂಬ ವಜ್ರದಂತೆ ಚೂಪಾಗಿ ಕೆತ್ತಿದ ಬಿಳಿ ಕಲ್ಲುಗಳು. ಇವುಗಳಲ್ಲಿ ಯಾವುದೋ ಒಂದರೊಳಗೆ ನಿಜವಾದ ವಜ್ರ ಹುದುಗಿದೆ, ಯಾವುದೆಂದು ತಿಳಿದವನು ಅದನ್ನು ಹೇಳದೆಯೇ ಸತ್ತ ಎಂದು ಊರಲ್ಲಿ ಹೇಳುತ್ತಾರೆ. "ತಮ್ಮಂಥವರ ಕಣ್ಣಿಗೆ ಬಿದ್ದರೂ ಬೀಳಬಹುದು ಸರ್. ತಮ್ಮ ನೋಟವೇ ಬೇರೆ" ಎಂದ.

ಮೀಸೆಯವನು ಒಂದೆರಡು ಕಲ್ಲು ಮುಟ್ಟಿ ನೋಡಿದ. ಆಮೇಲೆ ಗಡಿಯಾರ ನೋಡಿ ದವಡೆ ಹಿಡಿದುಕೊಂಡ.

"ಬರ್ತೀನಿ. ಹಲ್ಲಿನ ಡಾಕ್ಟ್ರು ಈಗ ಬಾಗಿಲು ತೆಗೆದಿರ್ತಾರೆ. ಹೊತ್ತು ಹೋಗ್ಲಿ ಅಂತ ನಿಮ್ಮ ಜೊತೆ ಸೇರ್ಕೊಂಡೆ. ಮಾತಾಡಿ ಮಾತಾಡಿ ನೋವು ಮರೆಸಿದ್ರಿ, ದೇವರು ಒಳ್ಳೇದು ಮಾಡ್ಲಿ."

ಮಂಜು ಅವನನ್ನು ನುಂಗಿತು. ಎವಾರಿಸ್ತೊ ಬಿಳಿ ಕಲ್ಲುಗಳ ಮುಂದೆ ಕೈ ಚಾಚಿಕೊಂಡೇ ಉಳಿದ. ಹೆಡ್ಡಾಫೀಸಿನವರು ಬಂದೇ ಇಲ್ಲ. ಈಗ ಇರುವವರು ಮೂರೇ ಜನ, ಅದರಲ್ಲಿಬ್ಬರು ಸುಳ್ಳಿನವರು. ಎಲ್ಲ ಮುಗಿಯಿತು.

ಮುಗಿದ ಮೇಲೆ ಹೆದರಿಕೆಯೂ ಹೋಯಿತು. ಅವನು ದನಿ ನಡುಗಿಸುವುದನ್ನು ಬಿಟ್ಟ. ಎದುರಿಗಿದ್ದ ಎರ್ಕೊಲೆ ದೊರೆಯ ಬೀದಿಯತ್ತ ಮುಖ ಮಾಡಿ, ಮನೆಯಲ್ಲಿ ಹಾಲಿನ ಪಾತ್ರೆಯ ಜೊತೆ ಮಾತಾಡುವ ದನಿಯಲ್ಲೇ ಶುರುಮಾಡಿದ.

"ಈ ಬೀದಿ ನೋಡಿ, ಎಷ್ಟು ಅಗಲ. ದೊರೆ ಹಳೇ ಊರಿನ ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಊರು ಕಟ್ಟಿಸ್ದ. ನೇರ ಬೀದಿ, ತೋಟ, ಅರಮನೆ. ಯಾರಿಗೋಸ್ಕರ? ಮುಂದೆ ಬರೋರಿಗೋಸ್ಕರ. ಬರ್ತಾರೆ ಅಂತ ಅಂದ್ಕೊಂಡಿದ್ದ. ಅಷ್ಟು ಜನ ಬರಲೇ ಇಲ್ಲ. ದೊರೆ ಮನೆತನದೋರೂ ಕೊನೆಗೆ ಊರು ಬಿಟ್ಟು ಹೋದ್ರು. ನೂರಾರು ವರ್ಷ ಇಲ್ಲಿ ಹುಲ್ಲು ಬೆಳೀತಿತ್ತಂತೆ. ನನ್ನ ಹೆಂಡತಿ ಇದ್ದಾಗ ನಾವಿಬ್ರೂ ಸಾಯಂಕಾಲ ಇಲ್ಲೇ ನಡೀತಿದ್ವಿ. ಅವಳು ಹೇಳೋಳು, ಊರಿಗೆ ಊರೇ ನೆಂಟರಿಗೆ ಅಂತ ಮೇಜು ಹಾಕ್ಕೊಂಡು ಕೂತ ಹಾಗಿದೆ ನೋಡಿ, ಅಂತ. ಈಗ ನಾನೊಬ್ನೇ ಬಂದಾಗ ಅನ್ಸತ್ತೆ, ಪಾಪ, ಈ ಬೀದಿಗಾದ್ರೂ ಒಂದು ಜೊತೆ ಇರಬೇಕಿತ್ತು."

ಇಯೋಲೆ ಬಾಯಿ ತೆರೆದಳು. ಏನೂ ಹೇಳದೆ ಮುಚ್ಚಿದಳು. ಅವಳನ್ನು ಬಲ್ಲವರಿಗೆ ಅದು ಕೋಟೆ ನಡೆದುಹೋದಷ್ಟೇ ಆಶ್ಚರ್ಯ. ನಾಂದೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಫ್ಲರಿನ ಹೆಂಗಸು ಮಫ್ಲರಿನಿಂದಲೇ ಕಣ್ಣೊರೆಸಿಕೊಂಡಳು. "ಬೊನೊರಾ ಅವರೇ, ಹೆಡ್ಡಾಫೀಸಿಂದ ಬಂದಿರೋದು ನಾನು. ಹತ್ತು ವರ್ಷದಿಂದ ಊರೂರು ಸುತ್ತಿ ಇಂಥವನ್ನ ಕೇಳ್ತಿದೀನಿ. ಹೀಗೆ ಹೇಳಿದೋರು ಒಬ್ರೂ ಇಲ್ಲ."

"ಮತ್ತೆ ಇವರಿಬ್ರೂ..." ಎಂದ ಎವಾರಿಸ್ತೊ, ಕಳ್ಳನಂತೆ ತಲೆ ತಗ್ಗಿಸಿ.

"ಸ್ವೀಡನ್ನಿನವರಂತೂ ಬಹಳ ಚೆನ್ನಾಗಿದ್ರು" ಎಂದು ಅವಳು ನಕ್ಕಳು. "ನಿಮ್ಮ ದನಿ ನಮಗೆ ಬೇಕು. ವರ್ಷಪೂರ್ತಿ, ದಿನಾ. ಮಂಗಳವಾರ ಬುಧವಾರ ಅನ್ನೋ ಹಾಗಿಲ್ಲ. ಒಪ್ಪಿಗೇನಾ?"

"ಒಪ್ಪಿಗೆ!" ಎಂದ ಎವಾರಿಸ್ತೊ. ಏನು, ಎತ್ತ ಎಂದು ಕೇಳಲೂ ನಿಲ್ಲಲಿಲ್ಲ. ದಿನಾ! ವಾರದ ಏಳು ದಿನವೂ ಶನಿವಾರ!

ಆ ಮಧ್ಯಾಹ್ನ ಇಯೋಲೆ ತನ್ನ ಮನೆಯಲ್ಲೇ ಎವಾರಿಸ್ತೊಗೂ ನಾಂದೊಗೂ ಕುಂಬಳದ ಹೂರಣದ ಪಾಸ್ತಾ ಬಡಿಸಿದಳು. ನಾದಿನಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಎವಾರಿಸ್ತೊ ಒಂದಕ್ಷರ ಬಿಡದೆ ಕೇಳಿದ.

ಆಮೇಲೆ ಹೆಡ್ಡಾಫೀಸಿನಿಂದ ಸುದ್ದಿಯೇ ಇಲ್ಲ. ಚಳಿಗಾಲದಲ್ಲಿ ಸುತ್ತಿಗೆ ಬಿಡುವು, ವಸಂತದಲ್ಲಿ ಹೊಸದಾಗಿ ಶುರು ಎಂದಷ್ಟೇ ದೆಬೋರಾ ತಿಳಿಸಿದಳು. ಏಪ್ರಿಲ್ಲಿನ ಮೊದಲ ದಿನ ಎವಾರಿಸ್ತೊ ಹೊಸ ಟೈ ಕಟ್ಟಿಕೊಂಡು ಚರ್ಚಿನ ಮುಂದೆ ನಿಂತ. ಬಿಸಿಲು ಬಿದ್ದಿತ್ತು, ಚೌಕದ ತುಂಬ ಜನ. ಯಾರೂ ಅವನ ಹತ್ತಿರ ಬರಲಿಲ್ಲ. ಫೋನು ಮಾಡಿದ.

"ಅಯ್ಯೋ, ನೀವ್ಯಾಕೆ ಬಂದ್ರಿ?" ಎಂದಳು ದೆಬೋರಾ. "ನಿಮ್ಮ ದನಿ ಬೇಕು ಅಂದಿದ್ರಲ್ಲಾ ಅವತ್ತು? ಮೊಬೈಲಲ್ಲಿ ಹಿಡ್ಕೊಂಡ ಆ ಮಾತನ್ನೇ ಯಂತ್ರಕ್ಕೆ ತುಂಬಿಸಿದಾರೆ. ಜನ ಕಿವಿಗೆ ಹಾಕ್ಕೊಂಡು ಅವರಷ್ಟಕ್ಕೆ ಅವರು ಸುತ್ತುತ್ತಾರೆ. ತುಂಬಾ ಹೆಸರು ಬಂದಿದೆ, ಬೊನೊರಾ ಅವರೇ! ನೀವಿನ್ನು ಆರಾಮಾಗಿ ಮನೇಲಿರಿ."

ಆಗ ಅವನು ಸರಿಯಾಗಿ ನೋಡಿದ. ಚೌಕದಲ್ಲಿ ಕಿವಿಗೆ ಕಪ್ಪು ಬಟ್ಟಲು ಮುಚ್ಚಿಕೊಂಡವರು ಅಲ್ಲಲ್ಲಿ, ಒಬ್ಬೊಬ್ಬರೇ. ಒಬ್ಬ ಕೋಟೆಯ ಕಡೆ ಕತ್ತು ತಿರುಗಿಸಿದ. ಇನ್ನೊಬ್ಬಳು ಕಂದಕದ ಹತ್ತಿರ ತನ್ನಷ್ಟಕ್ಕೆ ನಕ್ಕಳು. ಎವಾರಿಸ್ತೊ ಕಾಲು ಕೊಂಡೊಯ್ದತ್ತ ನಡೆದ. ಎರ್ಕೊಲೆ ಬೀದಿಯ ತುದಿಯಲ್ಲಿ ಕಿವಿಗೆ ಕಪ್ಪು ಬಟ್ಟಲು ಮುಚ್ಚಿಕೊಂಡ ಒಬ್ಬ ನಡುವಯಸ್ಸಿನ ಹೆಂಗಸು ನಿಂತಿದ್ದಳು. ಅವಳ ಜೊತೆ ಯಾರೂ ಇರಲಿಲ್ಲ. ಖಾಲಿ ಬೀದಿ ನೋಡುತ್ತ ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

ಅವನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಟೈ ಸರಿಮಾಡಿಕೊಂಡು, "ಸಿನ್ಯೋರಾ, ಈ ಬೀದಿಯ ವಿಷಯ ಇನ್ನೂ ಒಂದಿದೆ..." ಎಂದು ಶುರುಮಾಡಿದ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಹೇಳಿದಳು:

"ಶ್! ಸ್ವಲ್ಪ ಸುಮ್ನಿರಿ. ಅವರು ಮಾತಾಡ್ತಿದಾರೆ."

ಎವಾರಿಸ್ತೊ ಸುಮ್ಮನಾದ. ಅವರು ಮಾತು ಮುಗಿಸಲಿ ಎಂದು ಅವಳ ಪಕ್ಕದಲ್ಲೇ ನಿಂತುಕೊಂಡ.